ಕಾರಿನ ಅಕ್ಕ

ಸಿಗ್ನಲ್ಲಿನಲ್ಲಿ ಕಾರು ನಿಂತ ಕೂಡಲೇ ನನ್ನ ಬೆರಳುಗಳು ಸ್ಟೇರಿಂಗಿನ ಮೇಲೆ ಬಡಿಯತೊಡಗುತ್ತವೆ. ಪಕ್ಕದ ಕಾರಿನವರು ಪಾಪ, ಇವನಿಗೇನೋ ನರದ ಕಾಯಿಲೆ ಎಂದುಕೊಂಡು ಮುಖ ತಿರುಗಿಸುತ್ತಾರೆ. ಕಾಯಿಲೆ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅಂಟಿಸಿದವರು ಯಾರು ಎಂದು ಮಾತ್ರ ಗೊತ್ತಿದೆ. ಅಮೆರಿಕದ ಒಬ್ಬಳು ಹಾಡುಗಾರ್ತಿ. ನಾನು ಅವಳನ್ನು ಕಂಡವನಲ್ಲ, ಅವಳ ಭಾಷೆ ಬಲ್ಲವನೂ ಅಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಇಂಗ್ಲಿಷು ಎಷ್ಟಿರುತ್ತದೆ ಹೇಳಿ? ರಸ್ತೆಯ ಬೋರ್ಡು ಓದುವಷ್ಟು, ಪೊಲೀಸರಿಗೆ ಸಾರಿ ಹೇಳುವಷ್ಟು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಗೆ ಹೇಳಿದರೂ ಬಾಬಾ ನಗುತ್ತಾರೆ. ಬಾಯಲ್ಲಿ ಕೆಟ್ಟದ್ದು ಸಾಕು, ಕಾಗದದ ಮೇಲೂ ಕೆಡಿಸುವುದು ಬೇಡ. ನನ್ನ ಪಾಲಿಗೆ ಅವಳು ಕಾರಿನ ಅಕ್ಕ.

ಬಾಬಾ ಎಂದರೆ ನಾನು ಡ್ರೈವರ್ ಆಗಿರುವ ಮನೆಯ ಹಿರಿಯರು. ಇಲ್ಲಿ ಕುವೈತಿನಲ್ಲಿ ಮನೆಯ ಯಜಮಾನರನ್ನು ನಾವು ಹಾಗೆಯೇ ಕರೆಯುವುದು. ಅವರ ಮಾತು ಅರಬ್ಬಿ, ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಶರ್ಕ್‌ನಲ್ಲಿ ಅವರ ಆಫೀಸು ಇದೆ. ನಡೆಸುವುದು ಮಗ, ಬಾಬಾ ಹೋಗುವುದು ಚಹಾ ಕುಡಿಯಲಿಕ್ಕೆ. ಮನೆಯಲ್ಲಿ ಹೊಸ ಕಾರುಗಳು ಸಾಲಾಗಿ ನಿಂತಿದ್ದರೂ ಅವರಿಗೆ ತಮ್ಮ ಹಳೆಯ ಅಮೆರಿಕನ್ ಕಾರೇ ಆಗಬೇಕು. ದೋಣಿಯಷ್ಟು ಉದ್ದದ ಕಾರು. ಪಾರ್ಕಿಂಗ್ ಸಿಗಬೇಕಾದರೆ ಹರಕೆ ಹೊರಬೇಕು. ಅದನ್ನು ಮಾರದಿರಲು ಕಾರಣ ಒಂದೇ, ಅದರಲ್ಲಿ ಕ್ಯಾಸೆಟ್ ಹಾಕಲು ಆಗುತ್ತದೆ. ಹುಡುಗನಾಗಿದ್ದಾಗ ಬಾಬಾ ಓದಲಿಕ್ಕೆಂದು ಅಮೆರಿಕಕ್ಕೆ ಹೋಗಿದ್ದರಂತೆ. ಓದಿದ್ದೇನು ಎಂದು ಕೇಳಿದರೆ ಈಗ ನೆನಪಿಲ್ಲ. ಆ ಹಾಡುಗಾರ್ತಿಯ ಕಾರ್ಯಕ್ರಮಕ್ಕೆ ಹೋಗಲು ಯಾರ ಕೋಟು ಎರವಲು ಪಡೆದದ್ದು ಎಂಬುದು ಮಾತ್ರ ನಿನ್ನೆ ನಡೆದ ಹಾಗೆ ನೆನಪಿದೆ.

ಮೊದಲ ಸಲ ಆ ಕ್ಯಾಸೆಟ್ ಕೇಳಿದಾಗ ನನಗೆ ಭಯವಾಯಿತು. ನಯವಾದ ಸ್ವರವಲ್ಲ ಅದು. ಅಂಗಳದಲ್ಲಿ ತೆಂಗಿನ ಒಣ ಮಡಲು ಎಳೆದುಕೊಂಡು ಹೋದ ಹಾಗೆ ಒರಟಾಗಿ ಶುರುವಾಗುತ್ತದೆ. ಹಾಗೇ ಮೇಲೆ ಹೋಗುತ್ತಾ, ಇನ್ನು ಹರಿದೇಹೋಯಿತು ಎಂದು ನಾವು ಹಲ್ಲು ಕಚ್ಚುವ ಹೊತ್ತಿಗೆ ಅಲ್ಲಿಂದಲೂ ಒಂದು ಮೆಟ್ಟಿಲು ಮೇಲೆ ಹತ್ತಿ, ಅಲ್ಲಿ ಕಾಲು ಚಾಚಿ ಕೂತುಬಿಡುತ್ತದೆ.

"ಯಾರಿಗೆ ಬಾಬಾ, ಇಷ್ಟು ಬೈಯುತ್ತಿರುವುದು?" ಎಂದು ಕೇಳಿದ್ದೆ.

"ಬೈಯುವುದಲ್ಲ. ಗಂಡನಿಗೆ ಮನೆಗೆ ಬಾ ಅಂತಿದ್ದಾಳೆ."

ನಮ್ಮ ಮನೆಯಲ್ಲೂ ಅಮ್ಮ ಅಪ್ಪನನ್ನು ಮನೆಗೆ ಕರೆಯುತ್ತಿದ್ದದ್ದು ಹೆಚ್ಚು ಕಡಿಮೆ ಅದೇ ದನಿಯಲ್ಲಿ. ಆದ್ದರಿಂದ ತಕ್ಷಣ ಅರ್ಥವಾಯಿತು.

ಇಂಥ ಹಾಡಿಗೆ ಸೋಲ್ ಎನ್ನುತ್ತಾರೆಂದೂ ಹಾಗೆಂದರೆ ರೂಹ್, ಆತ್ಮ ಎಂದೂ ಬಾಬಾ ಹೇಳಿಕೊಟ್ಟರು. ಕ್ಯಾಸೆಟ್ಟಿನ ಇನ್ನೊಂದು ಬದಿಯದ್ದು ಫಂಕ್. ಅದರ ಅರ್ಥ ಹೇಳಲು ಅವರು ಕಂಕುಳಿನ ಕಡೆ ಮೂಗು ತಿರುಗಿಸಿ ತೋರಿಸಿದರು. ಬೆವರು! ಒಂದು ಬದಿಗೆ ಆತ್ಮ, ಇನ್ನೊಂದು ಬದಿಗೆ ಬೆವರು. ನಾನು ಸ್ಟೇರಿಂಗಿನ ಮೇಲೆ ಏನೋ ಒಂದು ತಾಳ ಹಾಕಿದೆ. ಬಾಬಾ ಹಿಂದಿನ ಸೀಟಿನಿಂದ ಊರುಗೋಲಿನಲ್ಲಿ ನನ್ನ ಸೀಟಿಗೆ ಕುಟ್ಟಿದರು.

"ಲಾ, ಲಾ! ಹಾಗಲ್ಲ. ಒಂದರ ಮೇಲೆ, ಮೊದಲ ಪೆಟ್ಟಿನ ಮೇಲೆ ಹೊಡಿ. ಇವಳ ಬ್ಯಾಂಡಿನಲ್ಲಿ ಎಲ್ಲ ಶುರುವಾಗುವುದು ಒಂದರಿಂದ. ಒಂದು ಗಟ್ಟಿಯಾಗಿ ಬಿದ್ದರೆ ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಯಲ್ಲಾ, ಹಸಿರು ಬಂತು, ಗಾಡಿ ಬಿಡು."

ಹೀಗೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ತುಂಡು ತುಂಡಾಗಿ, ಆ ಹೆಂಗಸಿನ ಬದುಕು ನನ್ನ ಕಿವಿಗೆ ಬಿತ್ತು. ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಲ್ಲಿ ಹುಟ್ಟಿದವಳು. ಮರದ ಹಲಗೆಯ ಪುಟ್ಟ ಚರ್ಚಿನಲ್ಲಿ ಅವಳ ಅಪ್ಪ ಉಪದೇಶ ಹೇಳುವವನು, ಅಮ್ಮ ಬೇರೆಯವರ ಬಟ್ಟೆ ಒಗೆಯುವವಳು. ಅವಳಿಗೆ ಒಬ್ಬಳು ತಂಗಿ. ಚರ್ಚಿನಲ್ಲಿ ಅಕ್ಕ ಒಂದು ಸಾಲು ಹೇಳಬೇಕು, ತಂಗಿ ಅದಕ್ಕೆ ಉತ್ತರ ಕೊಡಬೇಕು. ಅಕ್ಕನ ಸಾಲು ಪ್ರತಿಸಲ ಬೇರೆ. ತಂಗಿಯ ಉತ್ತರ ಮಾತ್ರ ಒಂದೇ, ಅದೇ ಎರಡು ಮಾತು. ಆದರೆ ಆ ಎರಡು ಮಾತು ಬಿದ್ದಮೇಲೆಯೇ ಅಕ್ಕನಿಗೆ ಮುಂದಿನ ಸಾಲಿಗೆ ಉಸಿರು.

ಇದನ್ನು ಕೇಳಿ ನಾನು ರೌಂಡಬೌಟಿನಲ್ಲಿ ಹೊರಗೆ ಹೋಗುವ ದಾರಿ ತಪ್ಪಿ ಎರಡು ಸುತ್ತು ಹಾಕಿದೆ. ಬಾಬಾ ಕಿಟಕಿಯ ಹೊರಗೆ ನೋಡುತ್ತಾ, "ಈ ಖರ್ಜೂರದ ಮರ ಈಗಷ್ಟೇ ನೋಡಿದ ಹಾಗುಂಟಲ್ಲ" ಎಂದರು.

ಏಕೆಂದರೆ ಅದು ನಮ್ಮ ಓಬೇಲೆ. ತುಳುನಾಡಿನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹಾಡುವ ಹಾಡು. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರೆಲ್ಲ 'ಓ ಬೇಲೆ' ಎಂದು ಕೂಡುತ್ತಾರೆ. ನಮ್ಮ ಅಮ್ಮ ಮುಂದೆ ಹೇಳುವವಳು. ನಾನು ನೇಜಿಯ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ತಂದು ಹೆಂಗಸರ ಹಿಂದೆ ಎಸೆಯುತ್ತಿದ್ದೆ, ಕೆಸರು ಹಾರಿಸಿದ್ದಕ್ಕೆ ಬೈಸಿಕೊಳ್ಳುತ್ತಿದ್ದೆ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ 'ಓ ಬೇಲೆ' ಎನ್ನುತ್ತಿದ್ದೆ. ಆತ್ಮ, ಬೆವರು ಎರಡೂ ಅಲ್ಲಿ ಇದ್ದವು. ಜಿಗಣೆ ನಮ್ಮ ಕಡೆಯ ಹೆಚ್ಚುಗಾರಿಕೆ. ಅಮ್ಮನ ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ಬರುತ್ತಿದ್ದ ನನ್ನ ತಂಗಿ ಗುಲಾಬಿ, ನೆಡುವುದನ್ನು ಕಲಿಯುವ ಮೊದಲೇ ಹಾಡುವುದನ್ನು ಕಲಿತಳು. ಅಮ್ಮ ಹಣ್ಣಾದ ಮೇಲೆ ಮುಂದೆ ಹೇಳುವ ಸಾಲು ಅವಳ ಬಾಯಿಗೆ ಬಂತು. ಆಚೆ ಗುಡ್ಡದಲ್ಲಿ ದನ ಮೇಯಿಸುವವರು ಅವಳ ದನಿಗೆ ಅಲ್ಲಿಂದಲೇ 'ಓ ಬೇಲೆ' ಹೇಳುತ್ತಿದ್ದರು.

ಆ ಗುಲಾಬಿ ಈಗ ಇಲ್ಲೇ, ಕುವೈತಿನ ಅಬ್ಬಾಸಿಯಾದಲ್ಲಿ ಇದ್ದಾಳೆ. ಗಂಡ ಶೇಖರನಿಗೆ ಶುಐಬಾದ ಒಂದು ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಗುಲಾಬಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಾಳೆ. ಆ ಫ್ಲ್ಯಾಟಿನ ಬಾಗಿಲು ತೆಗೆದರೆ ಮೊದಲು ಕಾಲಿಗೆ ಸಿಗುವುದು ಮಗು, ಆಮೇಲೆ ಆಟದ ಸಾಮಾನು, ಆಮೇಲೆ ಗುಲಾಬಿ.

ಅವಳು ಹಾಡುತ್ತಿರಲಿಲ್ಲ. ಕಳೆದ ವರ್ಷದ ನಮ್ಮ ಊರವರ ಸಂಘದ ವಾರ್ಷಿಕೋತ್ಸವದ ನಂತರ ಒಂದು ಸಾಲೂ ಹಾಡಿರಲಿಲ್ಲ. ಅದಕ್ಕೆ ಕಾರಣ ನಾನು. ಇದನ್ನು ಬರೆಯಲು ಇಷ್ಟು ಸುತ್ತು ಹಾಕಿದೆ, ರೌಂಡಬೌಟಿನ ಅಭ್ಯಾಸ.

ನಡೆದದ್ದು ಹೀಗೆ. ಜಾನಪದ ಹಾಡಿನ ಒಂದು ಐಟಂ ಬೇಕು ಎಂದು ಸಂಘದವರು ಗುಲಾಬಿಯನ್ನು ಕೇಳಿದರು. ಅವಳು, "ಅಣ್ಣ ಹಿಂದೆ ನಿಲ್ಲುವುದಾದರೆ ಹಾಡ್ತೇನೆ. ಉತ್ತರ ಇಲ್ಲದೆ ಓಬೇಲೆ ಇಲ್ಲ" ಎಂದಳು. ನಾನು ಒಪ್ಪಿದೆ. ಒಪ್ಪುವಾಗ ನೆನಪಾಗದ ಒಂದು ಸಂಗತಿ ವೇದಿಕೆ ಹತ್ತಿದ ಮೇಲೆ ನೆನಪಾಯಿತು. ಸಂಘದ ಗೆಳೆಯರ ಮುಂದೆ ನಾನು ವರ್ಷಗಟ್ಟಲೆ ಬಿಟ್ಟಿದ್ದ ಬುರುಡೆ. ಊರಲ್ಲಿ ನಮಗೆ ಸ್ವಂತ ಗದ್ದೆ ಇತ್ತು, ಆಳುಕಾಳು ಇದ್ದರು, ನೇಜಿಯ ದಿನ ಅಮ್ಮ ಆಳುಗಳಿಗೆ ಬಡಿಸಿ ಬಡಿಸಿ ಸುಸ್ತಾಗುತ್ತಿದ್ದಳು ಎಂದೆಲ್ಲ. ಬಡಿಸುವುದಿರಲಿ, ಬೇರೆಯವರ ಅಂಗಳದ ಬದಿಯಲ್ಲಿ ಕೂತು ಗಂಜಿ ಕುಡಿದವರು ನಾವು. ಡ್ರೈವರನ ಇಸ್ತ್ರಿ ಅಂಗಿಯೊಳಗೆ ಅದನ್ನು ಚೆನ್ನಾಗಿ ಮಡಚಿಟ್ಟಿದ್ದೆ. ಈಗ ಎದುರಿನ ಸಾಲಿನಲ್ಲಿ ಅವರೆಲ್ಲ ಸೂಟು ಹಾಕಿಕೊಂಡು ಕೂತಿದ್ದಾರೆ. ಸ್ವಂತ ಗದ್ದೆಯವರು ದಡದಲ್ಲಿ ಕೊಡೆ ಹಿಡಿದು ನಿಲ್ಲುವವರು. ಕೆಸರಿನೊಳಗಿನ ಉತ್ತರ ಅವರ ಬಾಯಿಗೆ ಎಲ್ಲಿಂದ ಬಂತು ಎಂದು ಯಾರಾದರೂ ಯೋಚಿಸಿದರೆ?

ಗುಲಾಬಿ ಮೊದಲ ಸಾಲು ಎತ್ತಿದಳು. ನನ್ನ ಸರದಿ ಬಂತು. ನನ್ನ ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು. ಅದನ್ನು ಕೆಳಗೆ ಜಾರಿಸಿದೆ. ತುಟಿ ಆಡಿಸಿದೆ, ದನಿ ತೆಗೆಯಲಿಲ್ಲ. ಆಮೇಲೆ ಮೈಕನ್ನು ಅಂಗೈಗೆ ಬಡಿದು, ಕೆಟ್ಟಿದೆ ಎನ್ನುವ ಹಾಗೆ ತಲೆಯಾಡಿಸಿದೆ. ಗುಲಾಬಿ ತಿರುಗಿ ನೋಡಿ, ಎರಡನೆಯ ಸಾಲನ್ನು ಇನ್ನೂ ಎತ್ತರಕ್ಕೆ ಹಾಡಿದಳು. ನಾನು ಮೈಕು ಬಡಿಯುತ್ತಲೇ ಇದ್ದೆ. ಮೂರನೆಯ ಸಾಲಿನ ನಡುವೆ ಅವಳ ದನಿ ಒಡೆಯಿತು. ಅಲ್ಲಿಗೇ ನಿಲ್ಲಿಸಿ, ಕೈಮುಗಿದು ಇಳಿದಳು. ಜನ ಚಪ್ಪಾಳೆ ತಟ್ಟಿದರು, ಕಾರ್ಯಕ್ರಮ ನಿರೂಪಿಸುವವ ಏನೋ ಜೋಕು ಹೇಳಿದ. ಸೌಂಡ್ ಸಿಸ್ಟಮಿನ ಮನ್ಸೂರ್‌ಭಾಯಿಗೆ ಎಲ್ಲರೂ ಬೈದರು. "ಖುದಾ ಕಸಂ, ಮೈಕು ಸರಿ ಇತ್ತು ಮಾರಾಯ್ರೇ" ಎಂದು ಆ ಮನುಷ್ಯ ವಯರುಗಳನ್ನು ಹಿಡಿದುಕೊಂಡು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ನನಗೂ ಬಂದು ಹೇಳಿದರು. "ಇರಲಿ ಬಿಡಿ ಭಾಯಿ, ಆಗ್ತದೆ" ಎಂದು ನಾನು ಅವರನ್ನು ಕ್ಷಮಿಸಿದೆ! ಹೌದು, ನಾನು.

"ನನ್ನ ಸ್ವರ ಬಿತ್ತಣ್ಣ. ಇನ್ನು ನನಗೆ ಇದೆಲ್ಲ ಬೇಡ" ಎಂದಳು ಗುಲಾಬಿ, ವಾಪಸು ಬರುವಾಗ. ನಾನು ಕಾರು ಓಡಿಸುತ್ತಿದ್ದೆ. ಓಡಿಸುವವನಿಗೆ ಒಂದು ಅನುಕೂಲವಿದೆ, ಮುಖ ರಸ್ತೆಯ ಕಡೆ ಇಟ್ಟುಕೊಳ್ಳಬಹುದು.

ಬಾಬಾ ಇದೇನನ್ನೂ ಅರಿಯರು. ಕಾರಿನ ಅಕ್ಕನ ಕಥೆ ಮುಂದುವರಿಸುತ್ತಲೇ ಇದ್ದರು. ಅಕ್ಕತಂಗಿ ಬಸ್ಸು ಹತ್ತಿ ಉತ್ತರದ ಚಳಿಯೂರಿಗೆ ಹೋದರು. ಬೇರೆಯವರ ಹಾಡುಗಳಿಗೆ ಹಿಂದೆ ನಿಂತು ಆ ಆ ಎಂದರು. ಒಬ್ಬ ರೆಕಾರ್ಡ್ ಕಂಪೆನಿಯವನು ಅಕ್ಕನನ್ನು ಆರಿಸಿ, ಕೂದಲು ನೀಟಾಗಿಸಿ, ಮೆಲ್ಲಗೆ ಹಾಡು ಎಂದ. ಮೆಲ್ಲಗೆ ಹಾಡಿದಳು, ಯಾರೂ ಕೇಳಲಿಲ್ಲ. ಆಮೇಲೆ ಅವಳೇ ಒಂದು ಬ್ಯಾಂಡ್ ಕಟ್ಟಿ, ಹೀಲ್ಸ್ ಚಪ್ಪಲಿ ಕಳಚಿ ಬದಿಗೆ ಒದ್ದು, ಬರಿಗಾಲಿನಲ್ಲಿ ವೇದಿಕೆಗೆ ಬಂದಳು. ತಂಗಿಯ ಮೈಕು ಹಿಂದೆ ಇರಕೂಡದು, ನನ್ನ ಪಕ್ಕಕ್ಕೇ ಇರಬೇಕು ಎಂದಳು. ಜನ ನೋಡಲು ಬರುವುದು ನಿನ್ನನ್ನು, ಅವಳನ್ನಲ್ಲ ಎಂದರು ದೊಡ್ಡವರು. ಹಾಗಾದರೆ ನೀವೇ ಹಾಡಿಕೊಳ್ಳಿ ಎಂದು ಚಪ್ಪಲಿ ಹುಡುಕತೊಡಗಿದಳಂತೆ. ಮೈಕು ಮುಂದೆ ಬಂತು. ಆ ಕಾಲದಲ್ಲಿ ಅವಳ ಹಾಡು ಶುರುವಾದರೆ ಕುರ್ಚಿಯಲ್ಲಿ ಕೂತವರು ಯಾರೂ ಇರುತ್ತಿರಲಿಲ್ಲ ಎನ್ನುತ್ತಾರೆ ಬಾಬಾ. "ಎರವಲು ಕೋಟು ಬೆನ್ನಿನಲ್ಲಿ ಹರಿಯಿತು. ಗೆಳೆಯ ಇವತ್ತಿಗೂ ಮಾತಾಡಿಸುವುದಿಲ್ಲ."

ಆಮೇಲೆ ಕಾಲ ಬದಲಾಯಿತು. ಯಂತ್ರದ ತಾಳ ಬಂತು, ಇವಳ ಬ್ಯಾಂಡು ಬೇಡವಾಯಿತು. ಅವಳು ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದಳು. ಬಹಳ ವರ್ಷ. ಇಸ್ತ್ರಿ ಹಾಕುತ್ತಾ ಹಾಡುತ್ತಿದ್ದಳಂತೆ. ಮೇಲಿನ ಮಹಡಿಗಳಿಂದ ಕೊಳೆ ಬಟ್ಟೆಗಳನ್ನು ಕೆಳಕ್ಕೆ ಬೀಳಿಸಲು ಒಂದು ಉದ್ದದ ಕೊಳವೆ ಇರುತ್ತದಲ್ಲ, ಅದರೊಳಗಿಂದ ಆ ಸ್ವರ ಮೇಲೇರುತ್ತಿತ್ತು. ನರ್ಸುಗಳು ಕೊಳವೆಯ ಬಾಗಿಲು ತೆರೆದಿಟ್ಟು, ನಿದ್ದೆ ಬಾರದ ರೋಗಿಗಳ ಮಂಚವನ್ನು ಅದರ ಹತ್ತಿರ ಎಳೆಯುತ್ತಿದ್ದರು. ನನ್ನ ಕಣ್ಣಿಗೆ ಆ ಕೊಳವೆಯೇ ಕಟ್ಟಿತು. ಮೇಲಿನಿಂದ ಕೊಳೆ ಬೀಳುತ್ತಿದೆ, ಕೆಳಗಿನಿಂದ ಹಾಡು ಏರುತ್ತಿದೆ. ದೇವರೇ, ಮನುಷ್ಯರ ಗಂಟಲಿನಲ್ಲಿ ಏನೇನು ಇಟ್ಟಿದ್ದೀಯಾ!

ಮುದುಕಿಯಾದ ಮೇಲೆ ಹೊಸ ಹುಡುಗರು ಯಾರೋ ಅವಳ ಹಳೆಯ ರೆಕಾರ್ಡು ಕೇಳಿ, ಹುಡುಕಿಕೊಂಡು ಬಂದು ಮತ್ತೆ ವೇದಿಕೆ ಹತ್ತಿಸಿದರು. ಬಾಬಾ ಮಗನ ಜೊತೆ ಲಂಡನ್ನಿಗೆ ಹೋಗಿ ಕೇಳಿ ಬಂದರು. ಆ ಹಾಡು ಅವರ ಫೋನಿನಲ್ಲಿದೆ. ಈ ಚಳಿಗಾಲದ ಒಂದು ಬೆಳಿಗ್ಗೆ, ಶರ್ಕ್‌ನ ಆಫೀಸಿನ ಕೆಳಗೆ ಕಾರು ನಿಂತ ಮೇಲೂ ಇಳಿಯದೆ, ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದರು. "ಇಸ್ಮಾ. ಕೇಳು."

ಅವಳು ಒಂದು ಸಾಲು ಹಾಡಿದಳು. ಆಮೇಲೆ ಏನೂ ಇಲ್ಲ. ಡ್ರಮ್ಮಿಲ್ಲ, ಗಿಟಾರಿಲ್ಲ. ಫೋನು ಕೆಟ್ಟಿತೆಂದುಕೊಂಡೆ. ಅಷ್ಟರಲ್ಲಿ ಎರಡನೆಯ ಸಾಲು ಬಂತು, ಮತ್ತೆ ಅದೇ ಖಾಲಿ.

"ತಂಗಿ ತೀರಿಹೋಗಿದ್ದಳು" ಎಂದರು ಬಾಬಾ. "ಅವಳ ಜಾಗಕ್ಕೆ ಯಾರನ್ನೂ ತರಲಿಲ್ಲ. ಪಕ್ಕದಲ್ಲಿ ಮೈಕು ಮಾತ್ರ ನಿಲ್ಲಿಸಿದ್ದಳು. ತಂಗಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದಳು. ಕೇಳು, ಈಗ ಕೇಳು."

ಮೂರನೆಯ ಸಾಲಿನ ಮೇಲೆ, ದೂರದಲ್ಲಿ ಎಲ್ಲೋ ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಆ ಇಡೀ ಸಭೆ ತಂಗಿಯ ಎರಡು ಮಾತನ್ನು ಹೇಳಿತು. ಅದರಲ್ಲಿ ಬಾಬಾರ ಕೀರಲು ದನಿಯೂ ಇತ್ತು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನ ಸತ್ತವಳ ಉತ್ತರವನ್ನು ಹೇಳಿದರು. ನಾನು ಬದುಕಿದ್ದೆ, ಗುಲಾಬಿಯ ಹಿಂದೆಯೇ ನಿಂತಿದ್ದೆ, ಕೈಯಲ್ಲಿ ಮೈಕಿತ್ತು.

"ಎಂತಕ್ಕೆ ಅಳುವುದು? ಹಾಡು ಮುಗಿದಿಲ್ಲ ಇನ್ನೂ" ಎಂದರು ಬಾಬಾ. ತಂಗಿಯ ಮನೆಗೆ ಹೋಗಿ ಬರುತ್ತೇನೆ ಎಂದೆ. ಏಕೆ ಎಂದು ಕೇಳದೆ ಕಾರಿನ ಬಾಗಿಲು ತೆಗೆದು ಇಳಿದರು.

ಗುಲಾಬಿ ಒಂದು ಮಗುವನ್ನು ಸೊಂಟದಲ್ಲಿಟ್ಟು ಇನ್ನೊಂದಕ್ಕೆ ಅನ್ನ ತಿನ್ನಿಸುತ್ತಿದ್ದಳು. ಶೇಖರನ ಕ್ಯಾಂಟೀನು ಮುಚ್ಚುತ್ತದೆ, ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಮುಗಿಯುವ ಮೊದಲು ಗಂಡಹೆಂಡತಿ ಊರಿಗೆ ಹೊರಡುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಮನೆ ತುಂಬ ಕಾರ್ಟನ್ ಪೆಟ್ಟಿಗೆಗಳು. ಇಲ್ಲಿ ಬಿದ್ದ ಸ್ವರವನ್ನು ಇಲ್ಲೇ ಬಿಟ್ಟು ಹೋಗುತ್ತಾಳಲ್ಲ ಎಂದು ನಿಂತಲ್ಲೇ ಹೇಳಿಬಿಟ್ಟೆ. ಮೈಕು ಕೆಟ್ಟಿರಲಿಲ್ಲ, ನಾನು ಆರಿಸಿದೆ ಎಂದೆ. ಗದ್ದೆಯ ಬುರುಡೆಯನ್ನೂ ಹೇಳಿದೆ.

ಅವಳ ಕೈಯ ತುತ್ತು ಗಾಳಿಯಲ್ಲಿ ನಿಂತಿತು. ಮಗು ಬಾಯಿ ತೆರೆದುಕೊಂಡೇ ಕಾಯಿತು.

"ಮನ್ಸೂರ್‌ಭಾಯಿಗೆ ಹೇಳಿದ್ದೀಯಾ?" ಎಂದಳು ಕೊನೆಗೆ.

"ಇಲ್ಲ."

"ಮೊದಲು ಅವರಿಗೆ ಹೇಳು." ತುತ್ತು ಮಗುವಿನ ಬಾಯಿಗೆ ಹೋಯಿತು. "ನಾನು ಒಂದು ವರ್ಷ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆ ಅಣ್ಣ. ಸ್ವರ ಸರಿಯಾಗಲಿ ಅಂತ." ಮತ್ತೆ ನನ್ನ ಕಡೆ ನೋಡಲಿಲ್ಲ.

ಅರ್ದಿಯಾದ ಗೋದಾಮಿನಲ್ಲಿ ಮನ್ಸೂರ್‌ಭಾಯಿ ಸ್ಪೀಕರ್ ಬಿಚ್ಚುತ್ತಿದ್ದರು. ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ನಾನು ಆ ಮೈಕನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೇನೆ ಗೊತ್ತುಂಟಾ? ಪಾಪ, ಅದರದ್ದು ಎಂತ ತಪ್ಪು!" ಎಂದರು. ನನಗೆ ಎರಡು ಬಿಡುತ್ತಾರೆಂದು ಕಾದೆ. ಬಿಟ್ಟಿದ್ದರೆ ಚೆನ್ನಾಗಿತ್ತು.

ಶೇಖರ ಗುಲಾಬಿಯರನ್ನು ಕಳುಹಿಸಿಕೊಡಲೆಂದು ಸಂಘದವರು ವಫ್ರಾದ ಒಂದು ತೋಟದಲ್ಲಿ ಶುಕ್ರವಾರದ ಪಿಕ್ನಿಕ್ ಇಟ್ಟಿದ್ದರು. ಮರಳುಗಾಡಿನ ನಡುವೆ ನೀರು ಹಾಯಿಸಿ ಬೆಳೆದ ಹೂಕೋಸಿನ ಸಾಲುಗಳು, ಆಚೆ ಕೆಲಸಗಾರರು ಬಗ್ಗಿ ಏನೋ ಸಸಿ ನೆಡುತ್ತಿದ್ದರು. ಹೆಂಗಸರು ಚಾಪೆಯ ಮೇಲೆ ಕೂತು ಅವರನ್ನೇ ನೋಡುತ್ತಿದ್ದರು. ಗುಲಾಬಿಯೂ. ಕೋರಿ ರೊಟ್ಟಿ ಹಂಚಲು ಇನ್ನೂ ಹೊತ್ತಿತ್ತು. ಕಾರ್ಯದರ್ಶಿ, "ಗುಲಾಬಿಯಕ್ಕ, ಹೋಗುವ ಮೊದಲು ಒಂದು ಹಾಡು" ಎಂದರು. ಅವಳು ತಲೆಯಾಡಿಸಿದಳು. ಮತ್ತೆ ಕೇಳಿದರು. "ನನಗೆ ಬರುವುದಿಲ್ಲ ಈಗ" ಎಂದಳು.

ನಾನು ಎದ್ದು ನಿಂತೆ. ಮೈಕು ಇರಲಿಲ್ಲ. ಸ್ಟೇರಿಂಗೂ ಇರಲಿಲ್ಲ, ಕೈ ಎಲ್ಲಿಡುವುದೆಂದು ತಿಳಿಯಲಿಲ್ಲ. ಹುಟ್ಟಿದ ಮೇಲೆ ಉತ್ತರ ಹೇಳಿದವನೇ ಹೊರತು ಮುಂದೆ ಹೇಳುವ ಸಾಲು ಎತ್ತಿದವನಲ್ಲ ನಾನು. ಬಾಯಿಗೆ ಬಂದದ್ದನ್ನು ಎತ್ತಿದೆ. ಸ್ವರ ಒಂದು ಕಡೆ, ಶ್ರುತಿ ಇನ್ನೊಂದು ಕಡೆ. ಸಾಲು ಮುಗಿಯಿತು. ಯಾರೂ ಉತ್ತರ ಕೊಡಲಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ. ಎರಡನೆಯದನ್ನು ಎತ್ತಿದೆ. ಮಕ್ಕಳು ಫೋನು ಹಿಡಿದು ಕಿಸಕಿಸ ನಗುತ್ತಿದ್ದರು.

"ಅಲ್ಲ ಮಾರಾಯ, ಸ್ವಂತ ಗದ್ದೆಯ ಧಣಿಗಳಿಗೆ ಆಳುಗಳ ಹಾಡು ಎಲ್ಲಿಂದ ಬಂತು?" ಎಂದು ಕಾರ್ಯದರ್ಶಿ ತಮಾಷೆ ಮಾಡಿದರು.

"ಗದ್ದೆ ನಮ್ಮದಲ್ಲ. ನಾವೇ ಆಳುಗಳು" ಎಂದೆ. "ನಮ್ಮ ಅಮ್ಮ ನೇಜಿ ನೆಟ್ಟವಳು, ನಾನು ಕಟ್ಟು ಹೊತ್ತವನು. ಇಷ್ಟು ದಿನ ಹೇಳಿದ್ದು ಸುಳ್ಳು." ಯಾರಾದರೂ ಏನಾದರೂ ಹೇಳುವ ಮೊದಲು ಮೂರನೆಯ ಸಾಲು ಎತ್ತಿದೆ, ನಿಲ್ಲಿಸಿದರೆ ಓಡಿಹೋಗುತ್ತೇನೆಂಬ ಹೆದರಿಕೆಯಿಂದ.

"ಅಯ್ಯೋ, ಸಾಕು!" ಎಂದಳು ಗುಲಾಬಿ ಚಾಪೆಯಿಂದ. "ಅದು ಸಂಜೆಯ ಹಾಡು ಅಣ್ಣ! ಕೊನೆಯ ಕಟ್ಟು ನೆಟ್ಟು ಗದ್ದೆಯಿಂದ ಮೇಲೆ ಬರುವಾಗ ಹೇಳುವುದು. ಹೊತ್ತು ನೆತ್ತಿಗೆ ಬರುವ ಮೊದಲೇ ಮನೆಗೆ ಹೊರಟನಲ್ಲ ಇವ! ಹುಟ್ಟು ಸೋಮಾರಿ. ಅಮ್ಮ ಇದ್ದಿದ್ದರೆ ಕೆಸರಿನಲ್ಲೇ ಹೂತುಹಾಕುತ್ತಿದ್ದಳು."

ಹೆಂಗಸರೆಲ್ಲ ನಕ್ಕರು. ಗುಲಾಬಿ ನಗಲಿಲ್ಲ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಚಪ್ಪಲಿ ಹಾಕಿಕೊಳ್ಳದೆ ಚಾಪೆ ದಾಟಿ ಹೂಕೋಸಿನ ಸಾಲಿನ ತುದಿಗೆ, ನೀರು ಹಾಯಿಸಿದ ಒದ್ದೆ ಮಣ್ಣಿಗೆ ಹೋಗಿ ನಿಂತಳು. ನನ್ನ ಕಡೆ ಬೆನ್ನು.

ಬೆಳಗಿನ ಹಾಡನ್ನು ಎತ್ತಿದಳು.

ಏನು ಹೇಳಲಿ? ಆ ಸ್ವರ ಬಿದ್ದಿರಲಿಲ್ಲ. ಒಂದು ವರ್ಷ ಒಳಗೆ ಕೂತು ಇನ್ನಷ್ಟು ಗಟ್ಟಿಯಾಗಿತ್ತು. ಶುರುವಿಗೆ ಒರಟು, ಆಮೇಲೆ ಹೂಕೋಸಿನ ಸಾಲಿನ ಉದ್ದಕ್ಕೂ ನೆಲ ಹಿಡಿದು ಹೋಗಿ, ತುದಿಯಲ್ಲಿ ಆಕಾಶಕ್ಕೆ ಎದ್ದಿತು. ಸಸಿ ನೆಡುತ್ತಿದ್ದವರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ನಿಂತರು. ಮಕ್ಕಳ ಫೋನುಗಳು ಕೆಳಗಾದವು. ನನ್ನ ತೋಳಿನ ಕೂದಲು ಎದ್ದಿತ್ತು. ಇವಳು ನನ್ನ ತಂಗಿಯೇ? ಈ ಗಂಟಲಿಗೆ ನಾನು ಬೀಗ ಹಾಕಿದೆನೇ?

ಸಾಲಿನ ಕೊನೆಗೆ ಬಂದಳು. ತಿರುಗಿ ನೋಡಲಿಲ್ಲ. ಎಡಗೈಯನ್ನು ಮಾತ್ರ ಬೆನ್ನ ಹಿಂದೆ ತಂದು, ನೇಜಿಯ ಕಟ್ಟು ಬೇಕಾದಾಗ ಅಮ್ಮ ಮಾಡುತ್ತಿದ್ದ ಹಾಗೆ, ಬೇಗ ಬೇಗ ಎಂದು ಬೆರಳು ಆಡಿಸಿದಳು.

ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ, ನನ್ನ ಸರದಿ ಬಂದಿತ್ತು.

"ಓ ಬೇಲೆ" ಎಂದೆ.